ನಡು ಮೈದಾನದಲ್ಲಿ ಸನ್ಮಾನ

ಲೀಗಿನ ಎಂಟೂ ತಂಡಗಳಿಂದ ಒಳ್ಳೊಳ್ಳೆ ಆಟಗಾರರನ್ನು ಆರಿಸಿ ಒಂದು ಫುಟ್ಬಾಲ್ ತಂಡ ಕಟ್ಟಿದ್ದರು. ಅದರ ಜೊತೆ ಪ್ರದರ್ಶನ ಪಂದ್ಯ ಆಡಲು ಪೋರ್ಚುಗಲ್ಲಿನ ಕ್ಲಬ್ಬೊಂದು ಬಂದಿತ್ತು. ಪಂದ್ಯದ ದಿನ ಬೆಳಿಗ್ಗೆ ಲೀಗಿನ ಅಧ್ಯಕ್ಷ ಪುಟ್ಟಬಸಪ್ಪನವರು ಮೈದಾನದ ಮಾಲಿಯನ್ನು ಕರೆದರು.

“ಆಟಕ್ಕೆ ಮುಂಚೆ ನನಗೆ ಸನ್ಮಾನ. ನಡು ಮೈದಾನದಲ್ಲೇ ವೇದಿಕೆ ಹಾಕ್ಸು. ನಲವತ್ತು ಕುರ್ಚಿ ಇರಲಿ.”

ಮಾಲಿ ಮೈದಾನದ ಕಡೆ ನೋಡಿದ. ಮೂರು ತಿಂಗಳು ಮಗುವಿನ ಹಾಗೆ ಸಾಕಿದ ಹುಲ್ಲು ಅದು. ಕುರ್ಚಿ ಕಾಲು ಊರಿದರೆ ಗುಂಡಿ ಬೀಳುತ್ತೆ. ಗುಂಡಿ ಬಿದ್ದರೆ ಬಂದವರು ಆಡದೆ ಬಸ್ಸು ಹತ್ತುತ್ತಾರೆ.

“ಆಗಲಿ ಸಾರ್,” ಎಂದು ಹೋದ. ಹೋದವನು ಟೇಪು ತಂದು, ಸಮಿತಿಯವರೆಲ್ಲರ ಎದುರಿಗೇ ಅಧ್ಯಕ್ಷರ ಸೊಂಟಕ್ಕೆ ಸುತ್ತಿದ.

“ಏನಯ್ಯ ಇದು?”

“ಚಡ್ಡಿಗೆ ಅಳತೆ ಸಾರ್. ಗೇಟಿನ ಬೋರ್ಡು ತಾವೇ ಬರೆಸಿದ್ದಲ್ವಾ? ‘ಬೂಟು, ಚಡ್ಡಿ ಇಲ್ಲದವರು ಹುಲ್ಲಿನ ಮೇಲೆ ಕಾಲಿಡಕೂಡದು. ಅಪ್ಪಣೆ, ಅಧ್ಯಕ್ಷರು.’ ನಾನೂ ಚಡ್ಡಿ ಹಾಕ್ಕೊಂಡೇ ನೀರು ಬಿಡೋದು. ತಮ್ಮದು ನಲವತ್ತೆಂಟು ಇಂಚು. ಮಧ್ಯಾಹ್ನದೊಳಗೆ ಹೊಲಿಸಿಬಿಡ್ತೀನಿ.”

ಅಧ್ಯಕ್ಷರು ತಮ್ಮ ಗರಿಗರಿ ಪಂಚೆ ನೋಡಿಕೊಂಡರು. ಆಮೇಲೆ ಟಿವಿಯವರ ಕ್ಯಾಮೆರಾ ನೋಡಿದರು.

“ಬಿಸಿಲು ಜಾಸ್ತಿ ಕಣಯ್ಯ. ವೇದಿಕೆ ಗ್ಯಾಲರಿ ನೆರಳಲ್ಲೇ ಇರಲಿ.”

ಪಂದ್ಯ ಮುಗಿದ ಮೇಲೆ ಪೋರ್ಚುಗಲ್ಲಿನ ಕೋಚು ಹುಲ್ಲು ಸವರಿ, ಇಷ್ಟು ಚೆನ್ನಾಗಿ ಕಾಪಾಡಿದ್ದು ಯಾರು ಎಂದು ದುಭಾಷಿಯ ಕೈಲಿ ಕೇಳಿಸಿದ. ಅಧ್ಯಕ್ಷರು ಎದೆಯುಬ್ಬಿಸಿ ಬೋರ್ಡು ತೋರಿಸಿದರು. “ನನ್ನದೇ ಅಪ್ಪಣೆ!”

“ಹೌದು ಸಾರ್, ಅಪ್ಪಣೆ ಅವರದೇ,” ಎಂದ ಮಾಲಿ. “ಅವರ ಚಡ್ಡಿ ಒಂದು ಹೊಲಿಸೋದು ಬಾಕಿ ಇದೆ.”