ಒಡೆಯನ ವಾಸನೆ

ಗ್ರೀಕರ ನಾಡಿನಲ್ಲಿ ಆಕ್ಟಿಯೋನನೆಂಬ ಬೇಟೆಗಾರನಿದ್ದ. ವನದೇವತೆ ಕೊಳದಲ್ಲಿ ಮೀಯುತ್ತಿದ್ದಾಗ ಕಣ್ಣು ತಗ್ಗಿಸದೆ ನೋಡುತ್ತ ನಿಂತ ತಪ್ಪಿಗೆ ಆ ತಾಯಿ ಅವನನ್ನು ಕೊಂಬಿನ ಜಿಂಕೆಯಾಗಿಸಿದಳು. ಬಡಪಾಯಿ ಓಡಿ ಓಡಿ ತನ್ನ ಬೇಟೆನಾಯಿಗಳ ಎದುರಿಗೇ ಬಂದು ಬಿದ್ದ.

ಮುದಿನಾಯಿ ಥೆರ ಮೂಗೆತ್ತಿದವನೇ ಬೆಚ್ಚಿದ. ಜಿಂಕೆಯ ಮೈಯಿಂದ ಒಡೆಯನ ವಾಸನೆ ಬರುತ್ತಿತ್ತು.

“ನಿಲ್ಲಿರೋ! ಇವರು ನಮ್ಮ ಒಡೆಯರು!”

“ಅಜ್ಜನಿಗೆ ಅರಳುಮರಳು,” ಎಂದು ಕಿರಿಯ ನಾಯಿಗಳು ನಕ್ಕವು. “ಒಡೆಯರಿಗೆ ಕೊಂಬು ಎಲ್ಲಿಂದ ಬಂತು?”

“ನಾನೇ ಕಣ್ರೋ, ನಿಮಗೆ ಅನ್ನ ಹಾಕಿದವನು!” ಎಂದು ಜಿಂಕೆ ಗೋಗರೆಯಿತು.

“ಜಿಂಕೆ ಎಷ್ಟು ಬೇಡಿಕೊಂಡರೂ ಕಿವಿಗೊಡಬೇಡಿ ಅಂತ ಒಡೆಯರೇ ಕಲಿಸಿದ್ದಲ್ಲವೇ, ಅಜ್ಜ? ಅವರ ಮಾತು ಮೀರುವುದುಂಟೇ?”

ಅದನ್ನು ಕೇಳಿ ಜಿಂಕೆ ಕಣ್ಣು ತಗ್ಗಿಸಿತು. ಥೆರ ಅಡ್ಡ ಮಲಗಿದ. ನಾಯಿಗಳು ಅವನನ್ನು ದಾಟಿ ಹಾರಿದವು.

ಎಲ್ಲ ಮುಗಿದ ಮೇಲೆ ಅವು ಬಾಲ ಅಲ್ಲಾಡಿಸುತ್ತ ಕೂತು, ಒಡೆಯ ಬಂದು ತಲೆ ನೇವರಿಸಲಿ ಎಂದು ಕಾದವು. ಹೊತ್ತು ಇಳಿದರೂ ಯಾರೂ ಬರಲಿಲ್ಲ.

“ಅಜ್ಜ, ನಿನ್ನ ಮೂಗು ನಮ್ಮೆಲ್ಲರಿಗಿಂತ ಚುರುಕು. ಒಡೆಯರನ್ನು ಹುಡುಕಿಕೊಡು.”

ಥೆರ ಆ ಮುಗ್ಧ ಮುಖಗಳನ್ನು ನೋಡಿದ. ನಿಜ ಹೇಳುವ ಮನಸ್ಸಾಗಲಿಲ್ಲ.

“ನೀವು ಹುಡುಕಿ, ಮಕ್ಕಳೇ. ನಾನು ಇಲ್ಲೇ ಇರುತ್ತೇನೆ.”

ಅವು ಒಡೆಯನನ್ನು ಕೂಗುತ್ತ ಕಾಡಿನೊಳಗೆ ಓಡಿದವು. ಥೆರ ಉಳಿದ ಕೊಂಬಿನ ಮೇಲೆ ಗದ್ದವೂರಿ ಮಲಗಿದ. ಅವನ ದುಃಖ ಬಲ್ಲವನು ದೇವರೊಬ್ಬನೇ. ಆ ದೇವರು ಬೆಳಗಾಗುವವರೆಗೂ ಅವನ ಪಕ್ಕದಿಂದ ಏಳಲಿಲ್ಲ.