ಹೊಳೆಗೆ ಕರೆದ ಹೆಸರು

ತುಂಗಭದ್ರೆಯ ದಂಡೆಯಲ್ಲಿ ಅಜ್ಜಾರೆಂಬ ವೃದ್ಧ ಗುರುಗಳ ಆಶ್ರಮವಿತ್ತು.

ತೀರಿಹೋದವರನ್ನು ಅಲ್ಲಿ ಸಂಜೆ ಹೊತ್ತು ಹೊಳೆಗೆ ಬೀಳ್ಕೊಡುತ್ತಿದ್ದರು. ಮನೆಯವರು ಎಲೆಯ ದೊನ್ನೆಯಲ್ಲಿ ದೀಪ ಹಿಡಿದು ಮಾತಿಲ್ಲದೆ ನಿಲ್ಲುವರು. ಆಶ್ರಮದವರೊಬ್ಬರು ಹೋದವರ ಹೆಸರು ಕರೆಯುವರು. ಹೆಸರು ಕೇಳಿದ ಮೇಲೆ ದೀಪ ನೀರಿಗೆ.

ಕರೆಯುವ ಕೆಲಸ ಶಿಷ್ಯ ತಿಪ್ಪೇಶನದು. ಹನ್ನೆರಡು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ, ಎಲ್ಲ ಬಿಟ್ಟು ಬಂದವನು.

ಒಮ್ಮೆ ರಷ್ಯಾದಿಂದ ತಮಾರಾ ಎಂಬ ವಯಸ್ಸಾದ ಹೆಂಗಸು ಗಂಡನ ದೀಪ ಬಿಡಲು ಬಂದಳು. ಗಂಡನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದ ಚೀಟಿ ಕೊಟ್ಟಳು.

ತಿಪ್ಪೇಶ ಕರೆದ. “ಗ್ಲೆಬ್ ಕೋವಲೆವ್.”

ತಮಾರಾ ಕದಲಲಿಲ್ಲ. ಬೇರೆ ಯಾರದೋ ಸರದಿ ಎಂಬಂತೆ ನಿಂತೇ ಇದ್ದಳು.

ಇನ್ನೂ ಗಟ್ಟಿಯಾಗಿ ಕರೆದ. ಅವಳು ತಿರುಗಿ ಅವನನ್ನು ನೋಡಿದಳು. ಉಳಿದವರ ದೀಪಗಳೆಲ್ಲ ದೂರ ತೇಲಿಹೋದವು. ಅವಳದು ಕೈಯಲ್ಲೇ ಆರಿತು.

ಬೆಳಿಗ್ಗೆ ತಿಪ್ಪೇಶ ಅಜ್ಜಾರ ಬಳಿ ಹೋದ.

“ಚೀಟಿಯೊಳಗ ಇದ್ದಂಗ ಓದೀನ್ರಿ. ಒಂದಕ್ಷರ ತಪ್ಪಿಲ್ಲ. ಆದರೂ ಆಕಿ ದೀಪ ಬಿಡಲಿಲ್ಲ. ನಾಳೆ ಊರಿಗೆ ಹೊಂಟಾಳ.”

“ಆಕೀ ಹೆಸರೇನು?”

“ತಮಾರಾ ಕೋವಲೆವ್. ರಿಜಿಸ್ಟರಿನಾಗ ಕಡೀಕ ಒಂದು ‘ಆ’ ಹಚ್ಚಿ ಬರದಿದ್ಲು. ಗಂಡಂದೊಂದು ಅಡ್ಡಹೆಸರು, ಹೆಂಡ್ತೀದೊಂದು ಅಡ್ಡಹೆಸರು ಹೆಂಗಾಗತೈತ್ರಿ? ಅದನ್ನ ಹೊಡದು ಹಾಕಿ ಸರಿ ಮಾಡೀನಿ.”

ಅಜ್ಜಾರು ಕೋಲೂರಿಕೊಂಡು ಎದ್ದು, ತಮಾರಾ ಕೂತಿದ್ದ ಬಂಡೆಯತ್ತ ನಡೆದರು. ತಿಪ್ಪೇಶ ಹಿಂದೆ ಹೋದ.

ಅಜ್ಜಾರಿಗೆ ಇಂಗ್ಲಿಷ್ ಬಾರದು. ಅವಳ ಪಕ್ಕದಲ್ಲಿ ಕೂತು, ಚೀಟಿ ಮುಂದೆ ಹಿಡಿದು, ತಮ್ಮ ಕಿವಿ ಮುಟ್ಟಿ ತೋರಿಸಿದರು.

ಅವಳಿಗೆ ತಿಳಿಯಿತು. “ಕವಲ್ಯೋಫ್,” ಎಂದಳು.

ತಿಪ್ಪೇಶ ಚೀಟಿಯನ್ನು ಮತ್ತೆ ನೋಡಿದ. ಅದರ ಇಂಗ್ಲಿಷ್ ಅಕ್ಷರಗಳಲ್ಲಿ ಆ ಉಚ್ಚಾರ ಎಲ್ಲೂ ಕಾಣಲಿಲ್ಲ.

ಅಜ್ಜಾರು ಪ್ರಯತ್ನಿಸಿದರು. ತಮಾರಾ ಅಲ್ಲವೆಂದು ತಲೆಯಾಡಿಸಿ ಅವರ ಕೈ ಹಿಡಿದುಕೊಂಡಳು. ಮೊದಲೆರಡು ಅಕ್ಷರಕ್ಕೆ ಆ ಕೈಯನ್ನು ಬಂಡೆಯ ಮೇಲಿಟ್ಟಳು. ‘ಲ್ಯೋ’ ಬಂದಾಗ, ಮಲಗಿದ ಕೂಸನ್ನು ಎತ್ತಿಕೊಂಡಂತೆ ಮೇಲಕ್ಕೆತ್ತಿದಳು. ಕೊನೆಗೆ ಬಿಸಿ ಹಾಲು ಆರಿಸುವ ಹಾಗೆ ಮೆಲ್ಲಗೆ ಊದಿದಳು.

ಅಜ್ಜಾರ ಬಾಯಲ್ಲಿ ಹಲ್ಲಿರಲಿಲ್ಲ. ‘ಫ್’ ಬರೀ ಗಾಳಿಯಾಗಿ ಹೋಯಿತು. ಬಂದಂದಿನಿಂದ ಮೊದಲ ಸಲ ತಮಾರಾ ನಕ್ಕಳು.

ಹಗಲೆಲ್ಲ ಹೀಗೇ ಕಳೆಯಿತು. ನೀರಿನ ಬೆಳಕು ಅವರ ಮುಖದ ಮೇಲೆ ಅಲುಗುತ್ತಿತ್ತು. ಒಂದೇ ಹೆಸರು ಅವಳ ಬಾಯಿಂದ ಅವರ ಬಾಯಿಗೆ, ಅವರಿಂದ ಅವಳಿಗೆ ಹೋಗಿ ಬರುತ್ತಿತ್ತು. ಕೇಳುತ್ತ ಕೇಳುತ್ತ ತಿಪ್ಪೇಶನಿಗೆ ಆ ಹೆಸರಿನ ಮನುಷ್ಯ ಅಲ್ಲೇ ಎಲ್ಲೋ ನೀರಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾನೆ ಅನ್ನಿಸಿತು.

ಅವನು ತಮಾರಾಳ ಹತ್ತಿರ ಬಂದು ಕೂತ. “ನಿಮ್ಮ ಹೆಸರಿನ ಕೊನೆಯ ‘ಆ’ ಏನಮ್ಮ?” ಎಂದು ಇಂಗ್ಲಿಷಿನಲ್ಲಿ ಕೇಳಿದ.

ಅವಳು ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದಳು. “ಅವನು ಕವಲ್ಯೋಫ್. ನಾನು ಕವಲ್ಯೋವಾ. ನಮ್ಮಲ್ಲಿ ಹೆಣ್ಣಿನ ಹೆಸರು ಹಾಗೇ ಮುಗಿಯುವುದು. ಮದುವೆಯ ದಿನ ಅವನೇ ಅದನ್ನು ಹತ್ತು ಸಲ ಕರೆದ, ನನಗೆ ರೂಢಿಯಾಗಲಿ ಅಂತ. ನಲವತ್ತೊಂದು ವರ್ಷ ಅದೇ ನಾನು.”

ತಿಪ್ಪೇಶ ಎದ್ದು ಹೋಗಿ ರಿಜಿಸ್ಟರ್ ತಂದು, ತೆರೆದು, ಪೆನ್ನನ್ನು ಅವಳ ಕೈಗಿತ್ತ. ಅವಳು ತನ್ನ ಲಿಪಿಯಲ್ಲಿ ಎರಡೂ ಹೆಸರು ಬರೆದಳು. ಕೆಳಗೆ ಅವನು ಕಿವಿಗೆ ಬಿದ್ದಂತೆ ಕನ್ನಡದಲ್ಲಿ ಬರೆದುಕೊಂಡ.

ಸಂಜೆಯಾಯಿತು. ತಮಾರಾ ಹೊಸ ದೀಪ ಹಿಡಿದು ನೀರಿಗಿಳಿದಳು.

“ನೀವ ಕರೀರಿ ಅಜ್ಜಾರೇ,” ಎಂದ ತಿಪ್ಪೇಶ. “ನನಗ ಅಂಜಿಕಿ ಆಗತೈತಿ.”

“ನನಗ ಹಲ್ಲಿಲ್ಲೋ. ನೀನ ಕರಿ.”

ತಿಪ್ಪೇಶ ಕಣ್ಣು ಮುಚ್ಚಿದ. ಗಟ್ಟಿಯಾಗಿ ಕರೆಯಲಿಲ್ಲ, ಪಕ್ಕದ ಕೋಣೆಯಲ್ಲಿದ್ದವರನ್ನು ಕರೆಯುವಷ್ಟೇ.

“ಗ್ಲೆಬ್ ಕವಲ್ಯೋಫ್.”

ತಮಾರಾ ಬಗ್ಗಿ ಕೈ ಸಡಿಲಿಸಿದಳು. ದೀಪ ಅವಳ ಮೊಣಕಾಲಿನ ಹತ್ತಿರ ಒಂದು ಸುತ್ತು ತಿರುಗಿ, ಸೆಳವಿಗೆ ಸಿಕ್ಕಿ, ಮಂಜಿನೊಳಗೆ ಸಾಗಿತು.

ತಿಪ್ಪೇಶನಿಗೆ ಸಮಾಧಾನವಿರಲಿಲ್ಲ. ‘ಲ್ಯೋ’ ಸರಿಯಾಗಿ ಮೇಲೇಳಲಿಲ್ಲವೆಂದು, ದಂಡೆಯಲ್ಲಿ ನಿಂತು ಅದೇ ಹೆಸರನ್ನು ಮತ್ತೆ ಅಂದ. ಮತ್ತೊಮ್ಮೆ ಅಂದ.

ಅಜ್ಜಾರು ಅವನ ಹೆಗಲ ಮೇಲೆ ಕೈಯಿಟ್ಟರು.

“ಸಾಕು ತಮ್ಮಾ. ಹಿಂಗ ಕರೀತಾ ಇದ್ರ, ಹೊಂಟಾಂವ ತಿರುಗಿ ನೋಡ್ತಾನ.”