ಸಂಕವ್ವ ಸುಣ್ಣ ಬಳಿದ ಗೋಡೆ

ಅಜ್ಜಿಯರ ಅಜ್ಜಿಯರೂ ಇನ್ನೂ ಹುಟ್ಟಿರದ ಕಾಲದಲ್ಲಿ, ಮುರಡಿಕೋಟೆ ಅಂತ ಒಂದು ಪೇಟೆಯೂರು ಇತ್ತಂತೆ. ಆ ಊರಲ್ಲಿ ಸಂಕವ್ವ ಅಂತ ಒಬ್ಬಳಿದ್ದಳಂತೆ, ಗೋಡೆಗಳಿಗೆ ಸುಣ್ಣ ಬಳಿಯುವವಳು. ಗಂಡ ಸತ್ತಾಗ ಅವಳ ಪಾಲಿಗೆ ಉಳಿದದ್ದು ಒಂದು ಸುಣ್ಣದ ಭಟ್ಟಿ. ಕಲಿಸುವವರು ಯಾರೂ ಇರಲಿಲ್ಲ. ಕೈ ಸುಟ್ಟುಕೊಂಡಳು, ಸುಣ್ಣ ಕೆಡಿಸಿದಳು, ಮತ್ತೆ ಸುಟ್ಟುಕೊಂಡಳು, ಕಲಿತಳು. ಆಮೇಲೆ ಅವಳ ಜಂಬ ಹಿಡಿಯುವವರಿರಲಿಲ್ಲ ಅಂತಾರೆ. "ನಾ ಹಚ್ಚಿದ ಗ್ವಾಡಿ ನನ್ನ ಮಾತ ಕೇಳತೈತಿ" ಅಂತ ಸಂತೆಯಲ್ಲಿ ನಿಂತು ಹೇಳುತ್ತಿದ್ದಳಂತೆ. ಜನ ನಗುತ್ತಿದ್ದರು. ನಕ್ಕಷ್ಟೂ ಅವಳು ಜೋರಾಗಿ ಹೇಳುತ್ತಿದ್ದಳು.

ಆ ಊರಿಗೊಬ್ಬ ದೇಸಾಯಿ. ಅವನ ವಾಡೆಯ ಹಿಂದೆ ಕೇರಿಯ ಬಾವಿ. ಕೇರಿಯವರಿಗೆ ಬೇರೆ ನೀರಿಲ್ಲ. ಒಂದು ಬೇಸಿಗೆ ದೇಸಾಯಿಗೆ ಕುದುರೆಗಳ ಹುಚ್ಚು ಹತ್ತಿತು. ಕುದುರೆಗಳಿಗೆ ನೀರು ಬೇಕು. ಬಾವಿಯನ್ನು ಒಳಗೆ ಹಾಕಿಕೊಂಡು ಎತ್ತರದ ಗೋಡೆ ಎಬ್ಬಿಸಿಬಿಟ್ಟ. ಡಂಗುರ ಸಾರಿಸಿದ: ಈ ಬಾವಿ ಮೊದಲಿನಿಂದಲೂ ವಾಡೆಯದೇ, ಅಲ್ಲ ಅಂದವರ ನಾಲಗೆ ಉಳಿಯುವುದಿಲ್ಲ. ಮೇಲಿನ ಸುಬೇದಾರ ಊರಿಗೆ ಬರುವವನಿದ್ದ. ಅವನೊಮ್ಮೆ ಮುದ್ರೆ ಒತ್ತಿದರೆ ಬಾವಿ ಹೋದ ಹಾಗೆಯೇ. ಹೆಂಗಸರು ದೂರದ ಹಳ್ಳಕ್ಕೆ ನಡೆದು, ಮರಳು ಬಗೆದು, ಒರತೆ ನೀರು ಹೊತ್ತು ತರತೊಡಗಿದರು. ಯಾರೂ ಬಾಯಿ ಬಿಡಲಿಲ್ಲ.

ಹೊಸ ಗೋಡೆಗೆ ಸುಣ್ಣ ಬಳಿಯಲು ಕರೆದದ್ದು ಸಂಕವ್ವನನ್ನೇ. ಬಳಿದಳು. ಗೋಡೆ ಹಾಲಿನಂತಾಯಿತು. ಮರುದಿನ ಬೆಳಗ್ಗೆ ಕೆಮ್ಮಣ್ಣು ಕಲಸಿಕೊಂಡು ಬಂದು, ಊರೆಲ್ಲ ನೋಡುತ್ತಿದ್ದಂತೆ, ಅದರ ಮೇಲೆ ಚಿತ್ರ ಬರೆದಳಂತೆ. ಅಕ್ಷರ ಅವಳಿಗೆ ಬರುತ್ತಿರಲಿಲ್ಲ. ಬಾವಿ ಬರೆದಳು. ಹಗ್ಗ ಉಜ್ಜಿ ಉಜ್ಜಿ ಸವೆದ ಬಾವಿಕಟ್ಟೆಯ ಕಲ್ಲು ಬರೆದಳು. ನೀರು ಸೇದುವ ಹೆಂಗಸರ ಸಾಲು ಬರೆದಳು, ಎಲ್ಲ ಸತ್ತುಹೋದ ಮುದುಕಿಯರು. ಸೊಂಟ ಬಾಗಿದವಳು, ಕುಂಟುತ್ತಿದ್ದವಳು, ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಸೇದುತ್ತಿದ್ದವಳು. ಹೆಂಗಸರು ತಂತಮ್ಮ ಅವ್ವಂದಿರ ಗುರುತು ಹಿಡಿದು ಬಾಯಿಗೆ ಸೆರಗು ಒತ್ತಿಕೊಂಡರು. ಪಹರೆಯ ರಾಣೋಜಿ, ಇದೂ ಧಣಿಯ ಅಪ್ಪಣೆಯೇ ಇರಬೇಕು ಅಂದುಕೊಂಡು ಸುಮ್ಮನಿದ್ದ. ಸಂಕವ್ವ ಕೊನೆಗೊಂದು ಕುದುರೆ ಬರೆದು, ಅದಕ್ಕೆ ದೇಸಾಯಿಯ ಮೀಸೆ ಇಟ್ಟಾಗ ರಾಣೋಜಿ ವಾಡೆಯೊಳಗೆ ಓಡಿದ.

ದೇಸಾಯಿ ಅವಳನ್ನು ಎಳೆತರಿಸಿದ. ಬರೆದವಳೇ ಅಳಿಸಬೇಕು ಅಂದ. ನಾಳೆ ಸುಬೇದಾರ ಬಂದಾಗ ಒಂದು ಗೆರೆ ಕಂಡರೂ ಬಲಗೈ ಇರುವುದಿಲ್ಲ ಅಂದ. ಸಂಕವ್ವ ತನ್ನ ಬಲಗೈ ನೋಡಿಕೊಂಡಳು. ಸುಣ್ಣ ತಿಂದು ಬಿರುಕು ಬಿಟ್ಟ ಕೈ. ಅವಳನ್ನು ಸಾಕಿದ ಕೈ. "ಆಗಲಿ ಧಣೀ" ಅಂದಳಂತೆ.

ಅವಳು ಸುಣ್ಣದ ಗಡಿಗೆ ಹೊತ್ತು ಬಂದದ್ದು ಕಂಡು ಕೇರಿ ಕೆಂಡವಾಯಿತು. ನೆರೆಮನೆಯ ನೀಲಗಂಗವ್ವ ಎದುರಿಗೇ ಉಗಿದಳು.

"ಸತ್ತ ನಮ್ಮವ್ವನ ಮಾರಿಗೆ ಸುಣ್ಣ ಹಚ್ಚತೀ ಏನ?"

"ನಾಳಿ ಹಳ್ಳದಿಂದ ಬಂದು ಕೊಡ ಮನ್ಯಾಗ ಇಳಸಬ್ಯಾಡ್ರಿ. ಸೀದಾ ಇಲ್ಲಿಗೇ ಬರ್ರಿ" ಅಂದಳು ಸಂಕವ್ವ. ಅಷ್ಟೇ ಅಂದಳು. ರಾಣೋಜಿ ಹತ್ತಿರವೇ ಇದ್ದ.

"ಯಾಕ? ನಿನ್ನ ಕೈ ತೊಳಿಯಾಕೇನು?" ಅಂತ ನೀಲಗಂಗವ್ವ ನಡೆದೇಬಿಟ್ಟಳು.

ಸಂಕವ್ವ ಸುಣ್ಣಕ್ಕೆ ನೀರು ಬೆರೆಸಿದಳು. ಇನ್ನಷ್ಟು ಬೆರೆಸಿದಳು. ಮಜ್ಜಿಗೆಗಿಂತ ತೆಳ್ಳಗೆ ಮಾಡಿ ಬಳಿಯತೊಡಗಿದಳು. ರಾಣೋಜಿ ಗೋಡೆ ನೋಡಿದ. ಚಿತ್ರ ಇದ್ದಲ್ಲಿಯೇ ಇತ್ತು.

"ಏನಬೇ, ಗ್ವಾಡಿಗೆ ಜಳಕಾ ಮಾಡಸಾಕತ್ತಿ ಏನು? ಕುದರಿ ಇನ್ನೂ ಮೀಸಿ ತಿರುವಾಕತ್ತೈತಿ!"

"ಹಸಿ ಸುಣ್ಣ ಬೆಳ್ಳಗ ಕಾಣೂದಿಲ್ಲೋ ತಮ್ಮಾ. ನಿನ್ನ ಮಾರಿಗೆ ಬಳದರೂ ಒಣಗೂತನ ಕಾಯಬೇಕು."

ಒಣಗಿತು. ಗೆರೆಗಳು ಒಂದೊಂದಾಗಿ ಮುಳುಗಿದವು. ದೇಸಾಯಿ ಬಂದು ನೋಡಿ, ಬೆರಳಿಂದ ಸವರಿ, ನಕ್ಕು ಹೋದ.

ಮರುದಿನ ಸುಬೇದಾರ ಪಲ್ಲಕ್ಕಿಯಿಂದ ಇಳಿದ. ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಬಾವಿಯ ಮೇಲೆ ಯಾರದಾದರೂ ತಕರಾರು ಇದೆಯೇ ಅಂತ ಕೇಳಿದ. ಜನ ಕಾಲಬೆರಳು ನೋಡಿಕೊಂಡರು. ಸುಬೇದಾರ ಮುದ್ರೆಗೆ ಕೈ ಹಾಕಿದ. ಆಗ ಸಂಕವ್ವ ಕೊಡ ಹೊತ್ತು ಮುಂದೆ ಬಂದಳು. ತುಟಿ ಒಣಗಿತ್ತು, ಹಳ್ಳದಿಂದ ಒಂದು ಗುಟುಕೂ ಕುಡಿಯದೆ ತಂದಿದ್ದಳಂತೆ. ಕೊಡ ಎತ್ತಿದಳು, ಅಷ್ಟೂ ನೀರನ್ನು ಗೋಡೆಗೆ ಎರಚಿದಳು.

ತೆಳ್ಳನೆಯ ಸುಣ್ಣ ನೆನೆದು, ಬಿಳಿಯೊಳಗಿಂದ ಕೆಂಪು ಮೂಡಿತು. ಒಬ್ಬ ಮುದುಕಿ, ಸೊಂಟ ಬಾಗಿದವಳು, ಅರ್ಧ ಹಗ್ಗ ಹಿಡಿದು ನಿಂತಳು. ಅಷ್ಟೇ. ಒಂದು ಕೊಡದ ನೀರಿಗೆ ಅಷ್ಟೇ. ದೇಸಾಯಿಯ ಆಳುಗಳು ಸಂಕವ್ವನ ಬಲಗೈ ಹಿಡಿದು ತಿರುಚಿದರು. ಬಿಸಿಲಿಗೆ ಮುದುಕಿಯ ಕಾಲು ಆಗಲೇ ಮಾಸತೊಡಗಿತ್ತು. ಸಂಕವ್ವ ಕೇರಿಯ ಕಡೆ ನೋಡಿದಳು. ಯಾರೂ ಅಲುಗಲಿಲ್ಲ.

ಆ ಮುದುಕಿ ನೀಲಗಂಗವ್ವನ ಅವ್ವ.

ನೀಲಗಂಗವ್ವನ ತಲೆಯ ಮೇಲೆ ಕೊಡವಿತ್ತು. ಸಿಟ್ಟಿನಲ್ಲಿ ಬಂದಿದ್ದಳೋ ಏನೋ, ಕೊಡ ಮಾತ್ರ ಮನೆಯಲ್ಲಿ ಇಳಿಸಿರಲಿಲ್ಲ. ಮನೆಯಲ್ಲಿ ಮಕ್ಕಳು ನೀರಿಗೆ ಕಾಯುತ್ತಿದ್ದವು. ಅವಳು ಹೋಗಿ ಕೊಡ ಬೋರಲು ಹಾಕಿ ಎರಚಿದಳು. ಅವಳ ಹಿಂದೆ ಕೊಡ ಹೊತ್ತ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಗೋಡೆಯ ತುಂಬ ಅವ್ವಂದಿರು ಎದ್ದು ನಿಂತರು.

ಇವರು ಯಾರು ಅಂತ ಸುಬೇದಾರ ಕೇಳಿದ. ನಾಲಗೆಯ ಭಯ ಇನ್ನೂ ಇತ್ತು. ನೀಲಗಂಗವ್ವ ಗೋಡೆಯ ಮುದುಕಿಯನ್ನು ಮುಟ್ಟಿದಳು, ಆಮೇಲೆ ತನ್ನ ಎದೆ ಮುಟ್ಟಿಕೊಂಡಳು. ಸುಬೇದಾರ ಒಳಗೆ ಹೋಗಿ ಬಾವಿಕಟ್ಟೆಯ ಕಲ್ಲಿನ ಮೇಲೆ ಹಗ್ಗದ ಗೀರಿನಲ್ಲಿ ಬೆರಳಿಟ್ಟನಂತೆ. ಬೆರಳು ಪೂರಾ ಇಳಿಯಿತು. ಅಷ್ಟು ಸವೆಯಬೇಕಾದರೆ ಎಷ್ಟು ತಲೆಮಾರು ಸೇದಿರಬೇಕು! ಗೋಡೆಯ ಸುಣ್ಣದ ವಾಸನೆಯೇ ಇನ್ನೂ ಹೋಗಿರಲಿಲ್ಲ. ಅವನು ಮುದ್ರೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೋಡೆ ಒಡೆದು ದಾರಿ ಬಿಡಿಸಿದ.

ಆಳುಗಳು ತಿರುಚಿದ ಸಂಕವ್ವನ ಬಲಗೈ ಮತ್ತೆ ಸರಿಹೋಗಲಿಲ್ಲ ಅಂತಾರೆ. ಎಡಗೈಯಲ್ಲಿ ಬಳಿಯುವುದನ್ನು ಮೊದಲಿನಿಂದ ಕಲಿತಳು, ಅದಕ್ಕೂ ಜಂಬ ಕೊಚ್ಚಿಕೊಂಡಳು ಅಂತಾರೆ.

ಈಗ ಆ ಊರು ಬೆಳೆದು ದೊಡ್ಡ ಪಟ್ಟಣವಾಗಿದೆ. ಅಲ್ಲಿ ರಸ್ತೆ ಬದಿಯ ಗೋಡೆಗೆ ಚಿತ್ರ ಬರೆಯುವ ಹುಡುಗ ಹುಡುಗಿಯರು ಬಣ್ಣ ಮುಟ್ಟುವ ಮೊದಲು ಒಂದು ಬೊಗಸೆ ನೀರು ಎರಚಿ ನೋಡುತ್ತಾರೆ, ಒಳಗೆ ಮೊದಲೇ ಯಾರಾದರೂ ನಿಂತಿದ್ದಾರೇನೋ ಅಂತ. ಅವರು ಬರೆದದ್ದರ ಮೇಲೆ ಸುಣ್ಣ ಬಳಿಯಲು ಮೇಲಿನವರ ಆಳುಗಳು ಬಂದರೆ ಕೇರಿಯ ಹೆಂಗಸರು ಜಗಳಕ್ಕೆ ಹೋಗುವುದಿಲ್ಲ. "ಬಳೀರಪ್ಪಾ, ಚೊಲೋತ್ನಾಗಿ ಬಳೀರಿ" ಅನ್ನುತ್ತಾರೆ. ಅಂದು, ಕೊಡ ತರಲು ಒಳಗೆ ಹೋಗುತ್ತಾರೆ.